ಕೋಣೆ ಬಾಡಿಗೆಗೆ ಕೊಟ್ಟವರೇ, ಚಳಿಗಾಲದ ಬೆಂಕಿ ನಿಮ್ಮ ಹೊಣೆಯೂ ಹೌದು

ಹೆಬ್ಬಾಳ, ಕೆಂಪಾಪುರ, ಭೂಪಸಂದ್ರ, ಚೋಳನಾಯಕನಹಳ್ಳಿಯ ನೆರೆಹೊರೆಯವರಲ್ಲಿ ವಿನಂತಿ.

ಬೆಂಗಳೂರಿನ ದಾಖಲೆಯ ಚಳಿ 1884ರ ಜನವರಿ 13ರದು, 7.8 ಡಿಗ್ರಿ. ಅಷ್ಟೇನೂ ಬೇಡ, 14ಕ್ಕೆ ಇಳಿದರೂ ತಗಡಿನ ಶೆಡ್ಡಿನಲ್ಲಿ ಮಲಗಿದವರಿಗೆ ನಿದ್ದೆ ಹತ್ತುವುದಿಲ್ಲ. ಕಟ್ಟಡ ಕೆಲಸದವರು, ವಾಚ್‌ಮನ್‌ಗಳು ಸಿಮೆಂಟು ಹೊರುವ ಬಾಂಡ್ಲಿಯಲ್ಲೇ ಇದ್ದಿಲು ಹೊತ್ತಿಸುತ್ತಾರೆ. ಹೊಗೆ ಅಡಗಿದ ಮೇಲೆ ಒಳಗೆ ತಂದಿಟ್ಟು, ಬಾಗಿಲ ಸಂದಿಗೆ ಗೋಣಿಚೀಲ ತುರುಕಿ ಮಲಗುತ್ತಾರೆ. ಹೊಗೆಯಿಲ್ಲ, ಇನ್ನೇನು ಭಯ ಎಂಬ ಆ ನಂಬಿಕೆಯೇ ಜೀವ ತೆಗೆಯುತ್ತದೆ. ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ಓಕರಿಕೆಯಾದರೂ ಸುಳಿವು ಕೊಟ್ಟಾವು; ನಿದ್ದೆಯಲ್ಲಿದ್ದವರಿಗೆ ಅದೂ ಇಲ್ಲ. ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರ್ ಕೊಲ್ಲುವುದೂ ಹೀಗೆಯೇ.

ಪಿ.ಜಿ. ಕೋಣೆಗಳ ಕಥೆ ಬೇರೆ. ಅಲ್ಲಿ ನೀರು ಕಾಯಿಸಲು ಬಕೆಟ್ಟಿಗೆ ಇಳಿಬಿಟ್ಟ ಕಾಯಿಲ್ 1500 ವ್ಯಾಟಿನದು, ಎಳೆಯುವುದು ಆರೂವರೆ ಆಂಪಿಯರ್. ಮೊಬೈಲ್ ಚಾರ್ಜಿಗೆಂದು ಕೂರಿಸಿದ ಸಾಕೆಟ್ಟಿಗೆ ಇದೇ ಹೆಚ್ಚು. ಅದೇ ಎಕ್ಸ್‌ಟೆನ್ಷನ್ ಬೋರ್ಡಿಗೆ 2000 ವ್ಯಾಟಿನ ರೂಂ ಹೀಟರನ್ನೂ ಸಿಕ್ಕಿಸಿದರೆ 15 ಆಂಪಿಯರ್ ಹರಿಯುತ್ತದೆ. ಪ್ಲಗ್ಗಿನ ಪಿನ್ನು ಕಪ್ಪಾಗುತ್ತದೆ, ವೈರು ಮೆತ್ತಗಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಪಕ್ಕದಲ್ಲೇ ಹಾಸಿಗೆ, ಒಣಹಾಕಿದ ಬಟ್ಟೆ! ಕಾಯಿಲ್ ಹಾಕಿ ಮರೆತು ಹೋದರೆ ನೀರು ಇಂಗಿ ಪ್ಲಾಸ್ಟಿಕ್ ಬಕೆಟ್ಟೇ ಹೊತ್ತಿಕೊಳ್ಳಬಹುದು.

ಹುಷಾರಾಗಿರಿ ಎಂದು ಬಾಡಿಗೆದಾರರಿಗೆ ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಬಿಸಿನೀರಿನ ವ್ಯವಸ್ಥೆಯಿಲ್ಲದ ಕೋಣೆಗೆ ತಿಂಗಳು ತಿಂಗಳು ಬಾಡಿಗೆ ಎಣಿಸಿಕೊಂಡವರಿಗೆ, ಅಲ್ಲಿಗೆ ಕಾಯಿಲ್ ಬಂದದ್ದು ಯಾಕೆ ಎಂದು ಕೇಳುವ ಹಕ್ಕಿಲ್ಲ. ಅರ್ಥಿಂಗ್ ಇರುವ 16 ಆಂಪಿಯರ್ ಸಾಕೆಟ್, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ಗ್ಯಾಸ್ ಗೀಸರನ್ನು ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಕಡೆ ಕೂರಿಸಿ. ಅಪಾರ್ಟ್‌ಮೆಂಟ್ ಸಂಘದವರು, ಕಂಟ್ರಾಕ್ಟರುಗಳು ಕಾವಲಿನವರಿಗೆ, ಕೂಲಿಯವರಿಗೆ ದಪ್ಪ ಕಂಬಳಿ ಕೊಡಲಿ. ಇದ್ದಿಲಿನ ಬೆಂಕಿ ಬಯಲಲ್ಲೇ ಇದ್ದು ಬಯಲಲ್ಲೇ ಆರಲಿ.

ಕೆಂಡವಿಟ್ಟ ಕೋಣೆಯಲ್ಲಿ ಯಾರಾದರೂ ಎಚ್ಚರ ತಪ್ಪಿದ್ದರೆ ಬಾಗಿಲು ತೆರೆದು ಮೊದಲು ಹೊರಗೆ ಎಳೆತನ್ನಿ, 108ಕ್ಕೆ ಕರೆ ಮಾಡಿ. ವೈರು ಹೊತ್ತಿಕೊಂಡರೆ ನೀರು ಎರಚಬೇಡಿ. ಮೇನ್ ಸ್ವಿಚ್ ಆರಿಸಿ, ಎಲ್ಲರನ್ನೂ ಹೊರಗೆ ಕಳಿಸಿ, 101 ಅಥವಾ 112ಕ್ಕೆ ತಿಳಿಸಿ. ಮಾಲೀಕರೇ, ಇವತ್ತೇ ಎಲೆಕ್ಟ್ರಿಷಿಯನ್ ಕರೆಸಿ ಒಂದೊಂದು ಕೋಣೆಯ ಸಾಕೆಟ್ಟನ್ನೂ ನೋಡಿಸಿ.