ಹೆಸರು ಬಿಡಿಸುವವಳ ಹೆಸರೆಲ್ಲಿ?

ಯಮನೂರಿನ ಎರೆಹೊಲದಲ್ಲಿ ಹೆಸರು ಬಿಡಿಸುತ್ತಿದ್ದವಳು ಸಾಲಿನ ನಡುವೆಯೇ ಸೊಂಟ ಹಿಡಿದು ಕುಂತಳು. ಕಲಘಟಗಿ ಕಡೆಯ ಲಂಬಾಣಿ ತಾಂಡಾದಾಕೆ. ವಯಸ್ಸು ಮೂವತ್ತನಾಲ್ಕು.

"ಚೀಲಾ ಕೊಳತೈತಿ, ತಗೀಲಿಲ್ಲಂದ್ರ ಕ್ಯಾನ್ಸರ್ ಆಕ್ಕೈತಿ ಅಂದ್ರು ಯಕ್ಕಾ. ಸಣ್ಣ ಸಣ್ಣ ಮಕ್ಳು. ಹೆಬ್ಬಟ್ಟ ಒತ್ತಿದೆ."

ಬುತ್ತಿಗಂಟಿನೊಳಗಿಂದ ಚೀಟಿ ತೆಗೆದು ತೋರಿಸಿದಳು. ದುಡ್ಡು ಕಟ್ಟಿದ್ದಕ್ಕೆ ಪಾವತಿ ಇದೆ. ಗರ್ಭಕೋಶ ಯಾಕೆ ತೆಗೆದರು ಅನ್ನುವುದಕ್ಕೆ ಒಂದಕ್ಷರವಿಲ್ಲ.

ಹೆದರಿಸಿ ಒತ್ತಿಸಿಕೊಂಡ ಹೆಬ್ಬೆಟ್ಟು ಒಪ್ಪಿಗೆಯೇ? ತುರ್ತು ಪರಿಸ್ಥಿತಿಯಲ್ಲಿ ಗಂಡಸರನ್ನು ಜೀಪಿಗೆ ತುಂಬಿ ಒಯ್ದು ಸಂತಾನಹರಣ ಮಾಡಿದರು. ಈಗ ಜೀಪೂ ಬೇಕಿಲ್ಲ. ಬಡವಿ ತಾನೇ ಸಾಲ ಮಾಡಿಕೊಂಡು ಬಂದು ಮಲಗುತ್ತಾಳೆ.

ಕಲಬುರಗಿಯಲ್ಲಿ 2015ರಲ್ಲಿ ಬಯಲಾದದ್ದೂ ಇದೇ. ಹೊಟ್ಟೆನೋವು, ಬಿಳಿ ಹೋಗುತ್ತದೆ ಎಂದು ಖಾಸಗಿ ಆಸ್ಪತ್ರೆಗೆ ಹೋದವರು ಗರ್ಭಕೋಶ ಬಿಟ್ಟುಬಂದರು. ಲೆಕ್ಕಕ್ಕೆ ಸಿಕ್ಕವರು 2,258 ಮಂದಿ, ಬಹುಪಾಲು ಲಂಬಾಣಿ, ದಲಿತ ಹೆಣ್ಣುಮಕ್ಕಳು. ಕರ್ನಾಟಕ ಜನಾರೋಗ್ಯ ಚಳವಳಿಯವರು ಬೆನ್ನು ಹತ್ತಿದ ಮೇಲೆ ನಾಲ್ಕು ಆಸ್ಪತ್ರೆಗಳ ಪರವಾನಗಿ ರದ್ದಿಗೆ ಆದೇಶವಾಯಿತು. ಆದರೂ 2017ರ ಫೆಬ್ರುವರಿಯಲ್ಲಿ ಆ ಹೆಣ್ಣುಮಕ್ಕಳೇ ಬೀದಿಗಿಳಿದು ನ್ಯಾಯ ಕೇಳಬೇಕಾಯಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಎಂದು ರಾಜ್ಯಗಳಿಗೆ ಹೇಳಿತು. ಕೊಯ್ದು ಬಿಸಾಕಿದ್ದು ಮಾತ್ರ ವಾಪಸು ಬರುವುದಿಲ್ಲ. ಅಂಡಾಶಯವೂ ಹೋಗಿದ್ದರೆ ಮುಪ್ಪು ಒಂದೇ ದಿನಕ್ಕೆ ಬಂದು ಕೂರುತ್ತದೆ, ಎಲುಬು ಸವೆಯುತ್ತದೆ. ಕೂಲಿಯವಳಿಗೆ ಎಲುಬೇ ಆಸ್ತಿ.

ಇಂಥ ಹೆಣ್ಣುಮಕ್ಕಳ ಲೆಕ್ಕ ಬರೆಯಲು ಸರ್ಕಾರಕ್ಕೆ ಮನೆ ಹುಡುಕಲು ಬರುವುದಿಲ್ಲವೆಂದು ಯಮನೂರಿನವರ ಮುಂದೆ ಯಾರೂ ಹೇಳಬೇಡಿ. 2016ರ ಜುಲೈನಲ್ಲಿ ಮಹದಾಯಿ ನದಿಯ ನೀರು ಕೇಳಿದ ಊರಿದು. ಆಗ ಪೊಲೀಸರು ಮನೆ ಮನೆ ಹೊಕ್ಕು ಮುದುಕಿಯರನ್ನೂ ಬಿಡದೆ ಬಡಿದರು. ಲಾಠಿಗೆ ಗೊತ್ತಿದ್ದ ಬಾಗಿಲು ಲೇಖನಿಗೆ ಯಾಕೆ ಗೊತ್ತಾಗುವುದಿಲ್ಲ?

ಸರ್ಕಾರದಿಂದಲೇ ಹೆಸರು ಬರೆಸಿದವರೂ ಇದ್ದಾರೆ. ಪೆರು ದೇಶದಲ್ಲಿ 1996ರಿಂದ 2000ದವರೆಗೆ ಅಧ್ಯಕ್ಷ ಫುಜಿಮೋರಿಯ ಸರ್ಕಾರ 2.7 ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಸಂತಾನಹರಣ ಮಾಡಿಸಿತು. ಬಲವಂತಕ್ಕೆ ಸಿಕ್ಕವರಲ್ಲಿ ಕ್ವೆಚುವಾ ಮೂಲನಿವಾಸಿಗಳೇ ಬಹಳ. ಅವರು ಹಟ ಹಿಡಿದು ಹೋರಾಡಿ, 2015ರಲ್ಲಿ ಸಂತ್ರಸ್ತೆಯರ ಸರ್ಕಾರಿ ದಾಖಲೆ ಪುಸ್ತಕ ತೆರೆಸಿದರು. ಪರಿಹಾರದ ಮಾತು ಆಮೇಲಿನದು. ಮೊದಲು, ಇಂಥದ್ದು ನಡೆದಿದೆ ಎಂದು ಸರ್ಕಾರದ ಬಾಯಲ್ಲಿ ಬರಬೇಕಲ್ಲ.

ಆರೋಗ್ಯ ಇಲಾಖೆಯವರೇ, ಕಲಘಟಗಿ, ಕುಂದಗೋಳದ ತಾಂಡಾಗಳಿಂದಲೇ ಶುರು ಮಾಡಿ. ಯಾರ ಗರ್ಭಕೋಶ, ಯಾವ ವಯಸ್ಸಿಗೆ, ಯಾವ ಆಸ್ಪತ್ರೆಯಲ್ಲಿ, ಯಾಕೆ? ಕೂತು ಅವರ ಹೆಸರು ಬರೆದುಕೊಳ್ಳಿ.