ಕೊಳವೆಗೆ ಸಿಗದ ಹೊಟ್ಟೆ

ಲೈಪೋಸಕ್ಷನ್, ಅಂದರೆ ಕೊಳವೆಯಿಂದ ಕೊಬ್ಬು ಹೀರಿ ತೆಗೆಯುವುದು, ತೂಕ ಇಳಿಸುವ ಚಿಕಿತ್ಸೆಯಲ್ಲ. ಜಾಹೀರಾತುಗಳು ಇದನ್ನು ಹೇಳುವುದಿಲ್ಲವಾದ್ದರಿಂದ ಇಲ್ಲಿ ಬಿಡಿಸಿ ಹೇಳಬೇಕಾಗಿದೆ.

ನಿಂತುಕೊಂಡು ಹೊಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿ. ಕೈಗೆ ಸಿಗುವುದು ಚರ್ಮದಡಿಯ ಕೊಬ್ಬು. ವೈದ್ಯರ ಕೊಳವೆ ಹೀರುವುದು ಅದನ್ನಷ್ಟೇ. ಆದರೆ ಗಡಿಗೆಯಂತೆ ಬಿಗಿದು ಮುಂದೆ ಬಂದ, ಹಿಡಿಯಲು ಹೋದರೆ ಬೆರಳಿಗೆ ಸಿಗದ ಹೊಟ್ಟೆಯಿದೆಯಲ್ಲ, ನಮ್ಮ ನಡುವಯಸ್ಸಿನ ಎಷ್ಟೋ ಗಂಡಸರದ್ದು, ಅದರ ಕೊಬ್ಬು ಇರುವುದು ಹೊಟ್ಟೆಯ ಸ್ನಾಯುಗಳ ಹಿಂದೆ, ಕರುಳಿನ ಸುತ್ತ. ಸಕ್ಕರೆ ಕಾಯಿಲೆಗೂ ಹೃದಯದ ತೊಂದರೆಗೂ ಹೆಚ್ಚು ದಾರಿ ಮಾಡಿಕೊಡುವುದು ಅದೇ. ಅಲ್ಲಿಗೆ ಕೊಳವೆ ಹೋಗುವಂತಿಲ್ಲ. 2004ರಲ್ಲಿ ಅಮೆರಿಕದ ವೈದ್ಯರು ಬೊಜ್ಜಿದ್ದ 15 ಹೆಂಗಸರ ಹೊಟ್ಟೆಯಿಂದ ತಲಾ ಸುಮಾರು 10 ಕಿಲೋ ಕೊಬ್ಬು ತೆಗೆದು, ಎರಡೂವರೆ ಮೂರು ತಿಂಗಳ ಮೇಲೆ ಪರೀಕ್ಷಿಸಿದ ವರದಿ ಪ್ರಕಟಿಸಿದರು. ಬಿಪಿ, ಕೊಲೆಸ್ಟರಾಲ್, ಇನ್ಸುಲಿನ್ ಯಾವುದರಲ್ಲೂ ಹೇಳಿಕೊಳ್ಳುವಂಥ ಸುಧಾರಣೆ ಕಾಣಲಿಲ್ಲ.

ಹಾಗಾದರೆ ಇದು ಯಾರಿಗೆ? ತೂಕ ಹೆಚ್ಚುಕಡಿಮೆ ಸರಿಯಿದ್ದು, ಕೆಲವು ತಿಂಗಳಿಂದ ಏರಿಳಿಯದೆ ನಿಂತಿದ್ದು, ಎಷ್ಟು ವ್ಯಾಯಾಮ ಮಾಡಿದರೂ ತೊಡೆಯಲ್ಲೋ ಗಲ್ಲದಡಿಯಲ್ಲೋ ಒಂದಿಷ್ಟು ಕೊಬ್ಬು ಕರಗದೆ ಉಳಿದವರಿಗೆ. ಚರ್ಮಕ್ಕೆ ಮತ್ತೆ ಬಿಗಿದುಕೊಳ್ಳುವ ಶಕ್ತಿ ಇರಬೇಕು. ಹೆರಿಗೆಯ ನಂತರ ಜೋತುಬಿದ್ದ ಹೊಟ್ಟೆಗೆ ಸಾಮಾನ್ಯವಾಗಿ ಬೇಕಾಗುವುದು ಚರ್ಮ ಕತ್ತರಿಸಿ ಸ್ನಾಯು ಬಿಗಿಸುವ ಬೇರೆಯೇ ಆಪರೇಷನ್. ಎದೆ ಉಬ್ಬಿದ್ದಕ್ಕೆ ಗೆಳೆಯರ ಗೇಲಿಗೆ ಹೆದರಿ ಈಜುವುದನ್ನೇ ಬಿಟ್ಟ ಹುಡುಗರಿಗೂ ಇದರಿಂದ ನೆಮ್ಮದಿ ಸಿಗಬಹುದು. ಅಂಥವರನ್ನು ಶೋಕಿಗೆ ಬಿದ್ದವರೆಂದು ಜರೆಯುವುದು ಅನ್ಯಾಯ.

ಮೊಂಡು ತುದಿಯ ಕೊಳವೆಯಿಂದ ಕೊಬ್ಬು ಹೀರುವ ವಿಧಾನವನ್ನು 1970ರ ದಶಕದ ಕೊನೆಗೆ ಬಳಕೆಗೆ ತಂದವರು ಫ್ರಾನ್ಸಿನ ವೈದ್ಯ ಇಲೂಝ್. ಮುಂದಿನ ದಶಕದಲ್ಲಿ ಕ್ಯಾಲಿಫೋರ್ನಿಯಾದ ಜೆಫ್ರಿ ಕ್ಲೈನ್, ಲವಣದ ನೀರಿಗೆ ಮರಗಟ್ಟಿಸುವ ಔಷಧ ಮತ್ತು ಅಡ್ರಿನಲಿನ್ ಬೆರೆಸಿ ಮೊದಲೇ ಚುಚ್ಚುವ ಕ್ರಮ ತಂದ ಮೇಲೆ ರಕ್ತಸ್ರಾವ ಬಹಳ ತಗ್ಗಿತು. ಅಪಾಯ ಹೋಗಲಿಲ್ಲ. ಕೊಬ್ಬಿನ ಕಣ ರಕ್ತಕ್ಕೆ ಸೇರಿ ಶ್ವಾಸಕೋಶಕ್ಕೆ ಹೋಗಬಹುದು, ಔಷಧದ ಪ್ರಮಾಣ ಮೀರಬಹುದು. ಒಂದೇ ಸಲಕ್ಕೆ ಹೀರಿದ್ದು 5 ಲೀಟರ್ ದಾಟಿದರೆ ಅದು ದೊಡ್ಡ ಆಪರೇಷನ್ನೇ.

2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸಿಕೊಳ್ಳಲು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಹೋಗಿ ಜೀವ ಕಳೆದುಕೊಂಡರು. ವಯಸ್ಸು ಬರೀ 21. ಆ ಸುದ್ದಿ ನೆನೆದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಇಂಥ ಆಪರೇಷನ್ ಮಾಡುವ ಕಡೆ ಐಸಿಯು ಇದೆಯೇ, ಅರಿವಳಿಕೆ ತಜ್ಞರು ಕೊನೆಯವರೆಗೂ ಪಕ್ಕದಲ್ಲಿರುತ್ತಾರೆಯೇ, ಮಾಡುವವರು ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಓದಿದವರೇ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಿ. ಕೇಳಲು ಸಂಕೋಚವೆನಿಸುವವರ ಪರವಾಗಿ, ಇವನ್ನು ಆಸ್ಪತ್ರೆಯ ಬಾಗಿಲಲ್ಲೇ ಬರೆದು ಹಾಕಿಸುವ ಕೆಲಸವನ್ನು ಆರೋಗ್ಯ ಇಲಾಖೆ ಮಾಡಲಿ.