ಗ್ರಂಥಾಲಯದಲ್ಲಿ ಶಿಕ್ಷಾರ್ಥಿ

ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ವ್ಯಾಸಂಗದ ಅಂಗವಾಗಿ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕೆಲಕಾಲ ಕಾರ್ಯಾನುಭವವನ್ನು ಪಡೆಯುವ ಪದ್ಧತಿ ಸ್ತುತ್ಯವಾದುದೇ ಸರಿ. ಆದರೆ ಆ ಅವಧಿಯೆಲ್ಲ ಪುಸ್ತಕಗಳಿಗೆ ಮುದ್ರೆಯೊತ್ತುವುದರಲ್ಲಿಯೂ, ಬೆನ್ನಿಗೆ ಚೀಟಿ ಅಂಟಿಸುವುದರಲ್ಲಿಯೂ, ದಾಖಲೆಯ ವಹಿಯನ್ನು ತುಂಬುವುದರಲ್ಲಿಯೂ ಕಳೆದುಹೋಗುವುದಾದರೆ ಅದನ್ನು ಸಂಬಳವಿಲ್ಲದ ಗುಮಾಸ್ತಿಕೆಯೆಂದು ಕರೆಯುವುದೇ ಲೇಸು. ಗ್ರಂಥಗಳನ್ನು ವಿಷಯಾನುಸಾರ ವಿಂಗಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814 ಎಂಬ ಸ್ಥಾನವಿದೆಯೆಂಬುದನ್ನು ತರಗತಿಯಲ್ಲಿ ಕಲಿತು ಬಂದ ತರುಣಿಯ ಮುಂದೆ, ಪುಸ್ತಕದ ಹೆಸರನ್ನೂ ಕರ್ತೃವಿನ ಹೆಸರನ್ನೂ ಮರೆತು, ರಕ್ಷಾಪುಟ ನೀಲಿಯಾಗಿತ್ತೆಂಬುದನ್ನು ಮಾತ್ರ ನೆನಪಿಟ್ಟುಕೊಂಡ ವೃದ್ಧರೊಬ್ಬರು ಬಂದು ನಿಂತರೆ, ಆ ಸಂಖ್ಯೆಯಿಂದ ದೊರೆಯುವ ಸಹಾಯ ಅತ್ಯಲ್ಪ. ಸಾವಧಾನದಿಂದ ಪ್ರಶ್ನಿಸಿ, ವಾಚಕರ ಇಂಗಿತವನ್ನರಿತು, ಬೇಕಾದ ಗ್ರಂಥವನ್ನು ಅವರ ಕೈಗಿಡುವ ಕೌಶಲವನ್ನು ಆಕೆ ಕಲಿಯಬೇಕಾದುದು ಅಂತಹ ಸಂದರ್ಭದಲ್ಲಿಯೇ. ವಾಚಕನ ಕಾಲವನ್ನು ಉಳಿಸಬೇಕೆಂಬುದನ್ನು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ಗ್ರಂಥಾಲಯ ವಿಜ್ಞಾನದ ತಮ್ಮ ಪಂಚಸೂತ್ರಗಳಲ್ಲೊಂದಾಗಿ ವಿಧಿಸಿದರು. ಬೆಂಗಳೂರಿನಲ್ಲಿಯೇ ತಮ್ಮ ಕಡೆಯ ವರ್ಷಗಳನ್ನು ಕಳೆದ ಆ ಮಹನೀಯರ ವಿಧಿ ನಮ್ಮ ವಾಚನಾಲಯಗಳ ಕಿವಿಗೆ ಇನ್ನೂ ಪೂರ್ತಿಯಾಗಿ ಬಿದ್ದಂತಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಮೇರೆಗೆ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ತೆರುತ್ತಿರುವ ನಾಗರಿಕನಿಗೆ (ತೆರುತ್ತಿರುವೆನೆಂಬ ಅರಿವೇ ಅನೇಕರಿಗೆ ಇಲ್ಲವೆಂಬುದು ಬೇರೆ ಮಾತು) ಇಷ್ಟು ಸೇವೆಯನ್ನು ಅಪೇಕ್ಷಿಸುವ ಅಧಿಕಾರವುಂಟು. ಆದುದರಿಂದ ಕಲಿಯಬಂದವರನ್ನು ಅರ್ಧ ಕಾಲವಾದರೂ ಎರವಲು ವಿಭಾಗದ ಮೇಜಿನ ಬಳಿ ಹಿರಿಯ ಗ್ರಂಥಪಾಲಕರ ಪಕ್ಕದಲ್ಲಿ ಕುಳ್ಳಿರಿಸತಕ್ಕದ್ದು; ವಿಶ್ವವಿದ್ಯಾನಿಲಯಗಳೂ ಹಾಜರಿ ಪತ್ರವನ್ನು ನೋಡಿ ತೃಪ್ತಿಪಡದೆ, ವಾಚಕರು ಕೇಳಿದ ಪ್ರಶ್ನೆಗಳನ್ನೂ ಶಿಕ್ಷಾರ್ಥಿಗಳಿತ್ತ ಉತ್ತರಗಳನ್ನೂ ಬರೆದಿಟ್ಟ ದಿನಚರಿಯೊಂದನ್ನು ಅವರಿಂದ ಕೇಳಿ ಪಡೆಯತಕ್ಕದ್ದು.